ಬಿಸಿಲಿಗಿಟ್ಟ ಗಂಗಾಳ

॥ ಶ್ರೀ ವೀತರಾಗಾಯ ನಮಃ ॥

ಶಹಾಪುರ, ಬೆಳಗಾವಿ
ಆಷಾಢ, ೧೯೮೭

ಮಾತೃಸಮಾನರಾದ ಅತ್ತ್ಯಾರಿಗೆ, ನಿಮ್ಮ ಸೊಸೆ ಚಂಪಾ ಕಾಲಿಗೆರಗಿ ಬರೆಯುವುದು.

ತೀರಿಕೊಂಡವರಿಗೆ ಪತ್ರ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ದರೂ ನಿಮಗೆ ಓದು ಬರುತ್ತಿರಲಿಲ್ಲ. ಮನೆಗೆ ಬಂದ ಪತ್ರಗಳನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. "ಸಾವಕಾಶ ಓದವ್ವಾ, ರೈಲು ಹಿಡಿಯೂದೈತೇನ ನಿನಗ?" ಎಂದು ಗದರುತ್ತಿದ್ದಿರಿ. ಆದ್ದರಿಂದ ಇದನ್ನೂ ನಾನೇ ಬರೆದು, ದೇವರ ಕೋಣೆಯಲ್ಲಿ ಕುಳಿತು ನಾನೇ ಓದಿ ಹೇಳುತ್ತೇನೆ, ಸಾವಕಾಶ.

ಬರೆಯಲು ಕಾರಣ ಇಷ್ಟೇ. ನಿನ್ನೆ ಮಧ್ಯಾಹ್ನ ನಿಮ್ಮ ಮಗ ಊಟಕ್ಕೆ ಕುಳಿತರು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಹಸಿ ಕೊಬ್ಬರಿ ಕಲಸಿ ನಿಮ್ಮ ಕಂಚಿನ ಗಂಗಾಳದಲ್ಲಿ ಬಡಿಸಿ ಮುಂದಿಟ್ಟೆ. ಅವರು ಗಂಗಾಳದ ಅಂಚು ಮುಟ್ಟಿ ನೋಡಿದರು. ತಣ್ಣಗಿತ್ತು. "ಚಂಪಾ, ಇವತ್ತ ಬಿಸಲ ಬಿದ್ದಿಲ್ಲೇನ?" ಎಂದರು. ಹೊರಗೆ ವಾರದಿಂದ ಬಿಟ್ಟು ಬಿಟ್ಟು ಬಂದು ನಿನ್ನೆ ಬಿಡದೆ ಹಿಡಿದ ಜಿಟಿಜಿಟಿ ಮಳೆ, ಹಿತ್ತಲ ಬಾವಿಕಟ್ಟೆಯ ಮೇಲೆ ಪಾಚಿ. ಯಾರಾದರೂ ಕೇಳಿಸಿಕೊಂಡಿದ್ದರೆ ಮಾಸ್ತರರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ನೀವಿಲ್ಲದ ಮೊದಲ ಮಳೆಗಾಲ ಇದು ಎಂಬುದು ಆಗ ನನಗೆ ಸರಿಯಾಗಿ ತಿಳಿಯಿತು.

ನಾನು ಈ ಮನೆಗೆ ಬಂದ ಹೊಸತರಲ್ಲಿ ನನ್ನನ್ನು ಎಷ್ಟು ಕಾಡಿದ್ದಿರಿ, ನೆನಪಿದೆಯೇ? "ಖಾನಾಪುರದಾಕಿ, ಅನ್ನ ತಿಂದ ಕೈ. ರೊಟ್ಟಿ ಹೆಂಗ ಬಡದೀತು?" ಎಂದು ಓಣಿಯ ಹೆಂಗಸರೆದುರು ನಗುತ್ತಿದ್ದಿರಿ. ಖರೇನೇ, ನನ್ನ ರೊಟ್ಟಿ ಗೋವಾದ ನಕಾಶೆಯಂತಾಗುತ್ತಿತ್ತು. ನಿಮ್ಮದು ಚಂದ್ರ. ನಿಮ್ಮ ಮಗ ಕ್ಯಾಂಪಿನ ಹೈಸ್ಕೂಲಿನಿಂದ ಸೈಕಲ್ ತುಳಿದುಕೊಂಡು ಬಂದು, ಕೈಕಾಲು ತೊಳೆದು, ನೇರವಾಗಿ ಒಲೆಯ ಮುಂದೆಯೇ ಕೂರುತ್ತಿದ್ದರು. ಮೊದಲ ರೊಟ್ಟಿ ಉಬ್ಬಿದ ಕೂಡಲೇ ನೀವು ಬೆರಳಿನಿಂದ ಅದಕ್ಕೊಂದು ತೂತು ಮಾಡಿ, ಹಬೆ ಹೋಗುವ ಮೊದಲೇ ಒಳಗೆ ತುಪ್ಪ ಬಿಡುತ್ತಿದ್ದಿರಿ. ಬೆರಳು ಸುಡುವುದಿಲ್ಲವೇ ಎಂದು ಕೇಳಿದರೆ, "ತಾಯಿ ಬೆರಳ ಅದು, ಸುಡಂಗಿಲ್ಲ" ಎನ್ನುತ್ತಿದ್ದಿರಿ. ಕೊನೆಯ ರೊಟ್ಟಿ ನಿಮ್ಮದು. ಅದಕ್ಕೂ ಅಷ್ಟೇ ತುಪ್ಪ. ಉಪವಾಸಗಳೇನೂ ಕಡಿಮೆ ಮಾಡಿದವರಲ್ಲ ನೀವು, ಆದರೆ ಉಣ್ಣುವ ದಿನ ತುಪ್ಪವಿಲ್ಲದೆ ಎದ್ದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನಿಮ್ಮ ಮಗನ ಹೊಟ್ಟೆಯ ಉರಿ ಶುರುವಾಯಿತು. ಕ್ಯಾಂಪಿನ ಬೇಕರಿಯ ಖಾರಿ, ಪೇಟೆಯ ಕುಂದಾ, ಪೇಪರು ತಿದ್ದುತ್ತ ಕುಡಿದ ಚಹಾ, ಯಾವುದರ ತಪ್ಪೋ. ಊಟವಾಗಿ ಅರ್ಧ ತಾಸಿಗೆ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಡಾಕ್ಟರರ ಬಿಳಿ ಔಷಧದ ಬಾಟಲಿಗಳು ಗೋಡೆಯ ಮಾಡದಲ್ಲಿ ಸಾಲಾಗಿ ನಿಂತವು. ಎಪ್ಪತ್ನಾಲ್ಕರ ದೀಪಾವಳಿ ರಜೆಯಲ್ಲಿ ಅವರ ಸಾಲೆಯ ಡ್ರಾಯಿಂಗ್ ಮಾಸ್ತರ ಗುರುಪಾದಪ್ಪನವರು ಪುಣೆಯ ಆಚೆಗಿನ ಒಂದು ನಿಸರ್ಗೋಪಚಾರದ ಆಶ್ರಮಕ್ಕೆ ಅವರನ್ನು ಕರೆದುಕೊಂಡು ಹೋದರು. ತಿಂಗಳಾದ ಮೇಲೆ ತಿರುಗಿ ಬಂದಾಗ ಮುಖ ತೊಳೆದಿಟ್ಟ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಉರಿ ಇರಲಿಲ್ಲ. ಮಾತಿನಲ್ಲಿ ಮಾತ್ರ ಹೊಸ ಬೆಂಕಿ ಇತ್ತು.

ಅವತ್ತು ನೀವು ಹೊಸ ಜೋಳದ ಹಿಟ್ಟು ನಾದಿಕೊಂಡು ಕಾದಿದ್ದಿರಿ. ರೊಟ್ಟಿ ಉಬ್ಬಿತು, ತೂತಾಯಿತು, ತುಪ್ಪ ಇಳಿಯಿತು. ಅವರು ಗಂಗಾಳ ಸರಿಸಿದರು. "ಅವ್ವಾ, ಇನ್ನ ಮ್ಯಾಲ ಬೆಂಕಿ ಮುಟ್ಟಿದ್ದನ್ನ ನಾ ತಿನ್ನಂಗಿಲ್ಲ. ಇದು ಸತ್ತ ಅನ್ನ" ಎಂದುಬಿಟ್ಟರು. ಅವರಿಗೆ ಅದು ಆಶ್ರಮದಲ್ಲಿ ಕಲಿತ ಪಾಠ, ಒಪ್ಪಿಸಿದರು ಅಷ್ಟೇ. ಆದರೆ ನೀವು ಆ ಮಾತು ಕೇಳಿ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಹುಟ್ಟಿದಾಗಿನಿಂದ ಉಣಿಸಿದ್ದೆಲ್ಲ ಸತ್ತದ್ದೇ ಎಂದು ಕೇಳಿಸಿತು ನಿಮಗೆ. ಎದ್ದು, ಸೀರೆ ಬದಲಿಸಿ, ಬಸದಿಗೆ ಹೋಗಿ ಬಂದಿರಿ. ಬಂದು ಹೊಸ್ತಿಲಲ್ಲೇ ನಿಂತು ಹೇಳಿದಿರಿ: "ಜಿನಪಾಲಾ, ನೇಮ ತಗೊಂಡು ಬಂದೀನಿ. ನೀ ತಿಳದು, ಮನಸಾರೆ, ನನ್ನ ಒಲಿ ಬಿಸಿ ಉಣ್ಣೂತನಕ ನಾ ತುಪ್ಪ ಮುಟ್ಟಂಗಿಲ್ಲ."

ಹೀಗೆ ಒಂದೇ ದಿನ ಮಗ ಬೆಂಕಿ ಬಿಟ್ಟರು, ತಾಯಿ ತುಪ್ಪ ಬಿಟ್ಟರು. ನಾನು ನಡುವೆ ಹಿಟ್ಟಿನ ಕೈಯಲ್ಲೇ ನಿಂತೆ.

ಬಿಡುವುದೇನೋ ಬಿಟ್ಟರು, ತಿನ್ನುವುದೇನು? ಆಶ್ರಮದವರು ಹೇಳಿ ಕಳಿಸಿದ್ದು ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಜೇನುತುಪ್ಪ, ಮೊಳಕೆ ಕಾಳು. ನಮ್ಮ ಮನೆಯಲ್ಲಿ ಗಡ್ಡೆ ಗೆಣಸು ಹೊಸ್ತಿಲು ದಾಟುವಂತಿಲ್ಲ, ಜೇನಿನ ಹೆಸರೆತ್ತುವಂತಿಲ್ಲ. ಮೊಳಕೆಯ ಮೇಲೆ ನಿಮ್ಮಿಬ್ಬರ ನಡುವೆ ಆದ ವಾದ ಈಗಲೂ ನೆನೆದು ನಗುತ್ತೇನೆ. "ಅದರಾಗ ಜೀವ ಐತಿ ಅವ್ವಾ, ಅದಕ್ಕ ತಿನ್ನಬೇಕು" ಎಂದು ಅವರು. "ಅದರಾಗ ಜೀವ ಐತಿ, ಅದಕ್ಕ ತಿನ್ನಬಾರದು" ಎಂದು ನೀವು. ಇಬ್ಬರದೂ ಒಂದೇ ಕಾರಣ! ಅವಲಕ್ಕಿ ನೆನೆಸಿ ಕೊಡೋಣವೆಂದರೆ ಭತ್ತ ಹುರಿಯುತ್ತಾರೆ, ಬೆಂಕಿ ಮುಟ್ಟಿತು. ಬೆಲ್ಲವೂ ಕುದಿಸಿದ್ದೇ. ಉಪ್ಪೊಂದು ಬಿಸಿಲಿನಲ್ಲಿ ಆದದ್ದೆಂದು ಪಾಸಾಯಿತು. ಕೊನೆಗೆ ಅವರು ಸೌತೆಕಾಯಿ, ಬಾಳೆಹಣ್ಣು ತಿಂದುಕೊಂಡು ಸಾಲೆಗೆ ಹೋಗತೊಡಗಿದರು. ಹೊಟ್ಟೆಯ ಉರಿ ಹೋದ ಜಾಗಕ್ಕೆ ಗುಡುಗುಡು ವಾಯು ಬಂತು. ಮಂಡಿ ಹಿಡಿದುಕೊಂಡಿತು.

ಆಗ ಖಾನಾಪುರದಿಂದ ನನ್ನ ಅಪ್ಪ ಬಂದರು. ಪದ್ಮಾಕರ ಪಂಡಿತರೆಂದರೆ ಲೋಂಡಾದವರೆಗಿನ ಜನ ರೈಲು ಹತ್ತಿ ನಾಡಿ ತೋರಿಸಲು ಬರುತ್ತಿದ್ದರು. ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಬೈದು ಔಷಧ ಕೊಡುವವರು. ಅಳಿಯನಿಗೆ ಬೈಯುವಂತಿಲ್ಲವಲ್ಲ, ಹಾಗಾಗಿ ಬಹಳ ಹೊತ್ತು ಸುಮ್ಮನೆ ನಾಡಿ ಹಿಡಿದು ಕುಳಿತರು. ಆಮೇಲೆ ಹೇಳಿದರು: "ಅಳಿಯಂದಿರ, ಒಲಿ ಆರಿಸೀರಿ, ಆರಸ್ರಿ. ಹೊಟ್ಟ್ಯಾಗಿನ ಒಲಿ ಆರಿಸಬ್ಯಾಡ್ರಿ. ಅದೂ ಬೆಂಕಿನ. ತಣ್ಣಂದು ಸುರದ್ರ ಅದು ಉರೀತೈತೇನು?" ಹಸಿಯದನ್ನೇ ತಿನ್ನಿ, ಆದರೆ ನಮ್ಮ ಶಾಸ್ತ್ರದ ರೀತಿಯಲ್ಲಿ ತಿನ್ನಿ ಎಂದರು. ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ ತುಂಬಾ ಉಣ್ಣಬೇಕು, ಆಗ ಒಳಗಿನ ಬೆಂಕಿಯೂ ಜೋರಾಗಿರುತ್ತದೆ. ಬೇಳೆ ನೆನೆಸಬೇಕು, ಮೊಳಕೆ ಬರುವ ಮೊದಲೇ ಕಲಸಬೇಕು. ಇದಕ್ಕೆ ನೀವು ತಲೆಯಾಡಿಸಿದಿರಿ. ಮೆಣಸು, ಹಿಪ್ಪಲಿ, ಜೀರಿಗೆ, ಗಡ್ಡೆಯಾದರೂ ಒಣಗಿದ್ದು ನಡೆಯುತ್ತದೆಂದು ನೀವು ಒಪ್ಪಿದ ಒಣಶುಂಠಿ, ಎಲ್ಲ ಬಿಸಿಲಲ್ಲಿ ಒಣಗಿಸಿದ್ದು, ಪುಡಿ ಮಾಡಿ ಮೇಲೆ ಉದುರಿಸಬೇಕು. ಯಾವ ಋತು ಏನು ಕೊಡುತ್ತದೋ ಅದನ್ನೇ ತಿನ್ನಬೇಕು. ಇನ್ನು ಕೊನೆಯದು: ಉಣ್ಣುವುದಕ್ಕೆ ಮೊದಲು ಕಂಚಿನ ಗಂಗಾಳವನ್ನು ಬಿಸಿಲಿಗಿಡಬೇಕು. ಅಂಚು ಮುಟ್ಟಿದರೆ ಬೆಚ್ಚಗಿರಬೇಕು. ತಣ್ಣಗಿನ ಗಂಗಾಳದಲ್ಲಿ ತುತ್ತೆತ್ತಬಾರದು. "ಸೂರ್ಯಾಂದೂ ಒಲಿನ, ಖರೇ ಯಾರೂ ಹಚ್ಚಿದ್ದಲ್ಲ" ಎಂದರು. ನಿಮ್ಮ ಮಗನಿಗೆ ಅದು ಬಹಳ ಹಿಡಿಸಿತು. ವಿಜ್ಞಾನದ ಮಾಸ್ತರರಲ್ಲವೇ, ಸೂರ್ಯನ ಶಾಖ ಎಂದ ಕೂಡಲೇ ಒಪ್ಪಿದರು.

ಆ ಚಳಿಗಾಲ, ಆ ಬೇಸಿಗೆ ಎಷ್ಟು ಚೆನ್ನಾಗಿದ್ದವು ಅತ್ತ್ಯಾರ! ಹನ್ನೊಂದರ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಗಂಗಾಳ, ಅದರ ಮೇಲೆ ನಿಮ್ಮ ಹಳೆಯ ಇಳಕಲ್ ಸೀರೆಯ ತುಂಡು, ಪಕ್ಕದಲ್ಲಿ ಕಾಗೆ ಕಾಯಲು ಕೋಲು ಹಿಡಿದು ನೀವು. ಮಾಘದಲ್ಲಿ ಹಸಿ ಕಡಲೆಯ ಸುಲಗಾಯಿ, ಶಿವರಾತ್ರಿಯ ಸುತ್ತ ಪೇರಲ, ಬೇಸಿಗೆಗೆ ಖಾನಾಪುರದ ಕಾಡಿನ ಕವಳೆ ಹಣ್ಣು, ನೇರಳೆ. ಅಪ್ಪ ಬುಟ್ಟಿ ತುಂಬಿಸಿ ಪರಿಚಯದ ಗಾರ್ಡನ ಕೈಯಲ್ಲಿ ರೈಲಿಗೆ ಹಾಕಿ ಕಳಿಸುತ್ತಿದ್ದರು. ನಿಮ್ಮ ಮಗನ ವಾಯು ಇಳಿಯಿತು, ಮಂಡಿ ಬಿಟ್ಟಿತು. ನೀವು ಮಾತ್ರ ಒಣ ರೊಟ್ಟಿ ಮುರಿಯುತ್ತಿದ್ದಿರಿ. ಮಗ ಹುರುಪಾಗಿದ್ದಾನೆ ಎಂದು ಸಂತೋಷ, ಆದರೆ ನನ್ನ ಕೈ ಬೇಡವಾಯಿತಲ್ಲ ಎಂಬ ಸಂಕಟ. ಎರಡೂ ಒಂದೇ ಮುಖದಲ್ಲಿ ಕಾಣುತ್ತಿದ್ದವು.

ಅಪ್ಪನ ಉಪಾಯ ನನಗೆ ಆಮೇಲೆ ತಿಳಿಯಿತು. ತವರಿಗೆ ಹೋದಾಗ ಮೀಸೆಯಲ್ಲೇ ನಗುತ್ತ ಹೇಳಿದರು: "ಬಿಸಲ ಅಂದೀನಿ, ಖರೇ. ಆಷಾಢದಾಗ ಬಿಸಲ ಎಲ್ಲಿಂದ ತರ್ತಾರ? ಮಳಿಗಾಲದಾಗ ಹಸೀದು ತಿಂದ್ರ ವಾತ ಎದ್ದು ಕುಣೀತೈತಿ. ನಾಕ ದಿನ ತಣ್ಣನ ಗಂಗಾಳ ನೋಡಿ, ತಾವ ಗಂಜಿ ಕೇಳ್ತಾರ." ಎಷ್ಟು ನಾಡಿ ಹಿಡಿದಿದ್ದರೇನು, ಬೀಗಿತ್ತಿಯ ಮಗನನ್ನು ಅವರು ಅರಿತಿರಲಿಲ್ಲ. ಆಷಾಢ ಬಂತು, ಬಿಸಿಲು ಹೋಯಿತು. ನಿಮ್ಮ ಮಗ ಗಂಗಾಳದ ಅಂಚು ಮುಟ್ಟಿ, ತಣ್ಣಗಿದೆಯೆಂದು ಕೈಮುಗಿದು ಎದ್ದುಬಿಟ್ಟರು. ಮರುದಿನವೂ ಅಷ್ಟೇ. ಜೈನರ ಮನೆಯಲ್ಲಿ ಹುಟ್ಟಿದವನಿಗೆ ಉಪವಾಸದ ಹೆದರಿಕೆ ಹಾಕಿದರೆ ಆದೀತೇ? ಮೀನಿಗೆ ನೀರಿನ ಹೆದರಿಕೆ ಹಾಕಿದಂತಾಯಿತು. ಅಪ್ಪನೂ ಜೈನರೇ, ಅವರಿಗಾದರೂ ಹೊಳೆಯಬೇಕಿತ್ತು. ನಿಮ್ಮ ಮಗ ನೀರು ಕುಡಿದುಕೊಂಡೇ ಮಳೆಯಲ್ಲಿ ಸೈಕಲ್ ತುಳಿದು ಸಾಲೆಗೆ ಹೋದರು. ಒಂದು ಸಂಜೆ ಪಾಠ ಮಾಡುತ್ತಲೇ ಕಣ್ಣು ಕತ್ತಲಿಟ್ಟು ಕುಸಿದರೆಂದು ಗುರುಪಾದಪ್ಪನವರು ಟಾಂಗಾದಲ್ಲಿ ಕೂರಿಸಿಕೊಂಡು ಬಂದರು.

ಮರುದಿನ ನೀವು ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದಿರಿ. ಮಧ್ಯಾಹ್ನ ಗಂಗಾಳವನ್ನು ಸೆರಗಿನಲ್ಲಿ ಹಿಡಿದು ತಂದು ಮಗನ ಮುಂದಿಟ್ಟು, "ಈಗರೆ ಒಂದ ಗಳಿಗಿ ಬಿಸಲ ಬಿದ್ದಿತ್ತು. ಬಾಂವಿ ಕಟ್ಟಿ ಮ್ಯಾಲ ಇಟ್ಟಿದ್ದೆ. ಉಣ್ಣು" ಎಂದಿರಿ. ಹೊರಗೆ ಹಂಚಿನಿಂದ ಧಾರೆ ಇಳಿಯುತ್ತಿತ್ತು. ಅವರು ಗಂಗಾಳದ ಅಂಚು ಮುಟ್ಟಿದರು. ಬೆಚ್ಚಗಿತ್ತು. ಕಿಟಕಿಯ ಕಡೆ ನೋಡಿದರು, ನಿಮ್ಮ ಕಡೆ ನೋಡಿದರು. ನೀವು ನೋಟ ತಪ್ಪಿಸಿ ಕಂಬ ನೋಡುತ್ತಿದ್ದಿರಿ. ಅವರು ಉಂಡರು. ಕೊನೆಯ ಬೇಳೆಯವರೆಗೂ ಉಂಡರು. ಎದ್ದ ಮೇಲೆ ನಾನು ಗಂಗಾಳ ಎತ್ತಿದರೆ ನೆಲದ ಮೇಲೆ ಬಳೆಯಂಥ ಬೂದಿಯ ಗುರುತು. ಇದ್ದಲಿ ಒಲೆಯ, ನಮ್ಮ ಶೇಗಡಿಯ, ಬೂದಿ ಮುಚ್ಚಿದ ಕೆಂಡದ ಮೇಲೆ ಕೂತು ಬಂದ ಗಂಗಾಳ ಅದು.

ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡೆ. ನೀವು ಪಿಸುಗುಟ್ಟಿದಿರಿ: "ಹುಚ್ಚ ಐತವ್ವಾ ಅದು. ಪುಸ್ತಕ ಓದಿ ಓದಿ ಕಿಡಕಿ ನೋಡೂದ ಮರತೈತಿ." ಹಾಗಾದರೆ ನಿಮ್ಮ ಒಲೆಯ ಬಿಸಿ ಉಂಡಂತಾಯಿತಲ್ಲ, ಇವತ್ತು ಒಂದು ಹನಿ ತುಪ್ಪ ಹಾಕಲೇ ಎಂದು ಕೇಳಿದೆ. ತಟ್ಟನೆ ಮುಖ ಸಣ್ಣದಾಯಿತು. "ಮೋಸದಿಂದ ಉಣಿಸಿದ್ದು ಉಣಿಸಿದ್ದಲ್ಲವ್ವಾ. ತಿಳದು ಉಣಬೇಕು ಅಂದೀನಿ ದೇವರ ಮುಂದ." ಒಣ ರೊಟ್ಟಿಯನ್ನು ಸಾರಿಗೆ ಮುರಿದುಕೊಂಡಿರಿ.

ಅಲ್ಲಿಂದ ಪ್ರತಿ ಮಳೆಗಾಲ ನಮ್ಮ ಮನೆಗೊಂದು ಬೇರೆಯೇ ಸೂರ್ಯ ಬಂದ. ಓಣಿಯವರಿಗೆಲ್ಲ ಮಳೆಯಾದರೆ ನಮ್ಮ ಬಾವಿಕಟ್ಟೆಗೆ ಮಧ್ಯಾಹ್ನ ಒಂದು ಗಳಿಗೆ ತಪ್ಪದೆ ಬಿಸಿಲು. ಅಪ್ಪನಿಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಮ್ಮ ಶಾಸ್ತ್ರದಾಗ ಆರು ಋತು ಅದಾವು. ನಿಮ್ಮ ಅತ್ತ್ಯಾರು ಏಳನೇದ ಹುಡಕ್ಯಾರ" ಎಂದರು. ಎಂಬತ್ತರ ಆಚೆಗೆ ನಮ್ಮ ಮನೆಗೆ ಗ್ಯಾಸು ಬಂತು. ಶೇಗಡಿಯನ್ನು ಅಟ್ಟಕ್ಕೆ ಹಾಕೋಣವೆಂದರೆ ನೀವು ಬಿಡಲಿಲ್ಲ. "ಗ್ಯಾಸಿನ ಬಿಸಿ ಅಂವಗ ಗೊತ್ತಾಗತೈತಿ. ಕೆಂಡದ್ದು ಬಿಸಲಿನಂಗ ಇರತೈತಿ" ಎಂದಿರಿ. ಮಗನನ್ನು ಮೋಸಮಾಡುವುದರಲ್ಲೂ ಎಷ್ಟು ಅಚ್ಚುಕಟ್ಟು! ಆದರೆ ತುಪ್ಪದ ಗಿಂಡಿ ನಮ್ಮ ಪಂಕ್ತಿಗೆ ಬಂದಾಗ ನೀವು ಗಂಗಾಳದ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಿರಲ್ಲ, ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ನಿಮ್ಮ ಮಗ ಅದೇ ಹೊತ್ತಿಗೆ ತಲೆ ತಗ್ಗಿಸುತ್ತಿದ್ದರು. ವರ್ಷಗಳು ಹಾಗೆಯೇ ಹೋದವು. ಅವರು ಬೆಂಕಿ ಮುಟ್ಟಲಿಲ್ಲ, ನೀವು ತುಪ್ಪ ಮುಟ್ಟಲಿಲ್ಲ. ಈ ನೇಮ ತೀರದೆಯೇ ನೀವು ಹೊರಟುಹೋದರೆ ಏನು ಗತಿ ಎಂದು ನಾನು ಒಳಗೊಳಗೇ ಹೆದರುತ್ತಿದ್ದೆ.

ಹೋದ ವರ್ಷದ ಆಷಾಢದಲ್ಲಿ ನೀವು ಬಾವಿಕಟ್ಟೆಯ ಪಾಚಿಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿರಿ. ಹಾಸಿಗೆ ಹಿಡಿದರೂ ವ್ರತ ಬಿಡುವವರೇ? ಸೋಸಿ ಕಾಸಿದ ನೀರೇ ಆಗಬೇಕು, ಸೂರ್ಯ ಮುಳುಗಿದ ಮೇಲೆ ಅದೂ ಇಲ್ಲ. ಶ್ರಾವಣದಲ್ಲಿ ಅಪ್ಪನಿಗೆ ಜ್ವರವೆಂದು ನಾನು ಖಾನಾಪುರಕ್ಕೆ ಹೋಗಬೇಕಾಯಿತು. ಬಾಜು ಮನೆಯ ಚಂದ್ರವ್ವ ಬಂದು ನಿಮ್ಮ ಗಂಜಿ, ನೀರು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದಳು. ಮರುದಿನ ಬೆಳಿಗ್ಗೆಯೇ ತಿರುಗಿ ಬರಲೆಂದು ನಾನು ರೈಲು ಹತ್ತಿದೆ. ಹಳಿಯ ಮೇಲೆ ಮರ ಬಿದ್ದು ಗಾಡಿ ನಿಂತಿತು. ನಾನು ಮನೆ ಮುಟ್ಟಿದಾಗ ಇಳಿಹೊತ್ತು.

ಬಾಗಿಲು ತೆರೆದೇ ಇತ್ತು. ಒಳಗೆಲ್ಲ ಹೊಗೆ. ಏನು ಅನಾಹುತವೋ ಎಂದು ಒದ್ದೆ ಚಪ್ಪಲಿಯಲ್ಲೇ ಓಡಿದೆ. ಅಡುಗೆಮನೆಯಲ್ಲಿ ಶೇಗಡಿ ಉರಿಯುತ್ತಿತ್ತು. ಸುತ್ತ ಕಡ್ಡಿ ಗೀರಿ ಗೀರಿ ಎಸೆದ ಗುಡ್ಡೆ. ರಾತ್ರಿ ಚಂದ್ರವ್ವನ ಮನೆಯ ಗೋಡೆ ಕುಸಿದು ಆಕೆಗೆ ಬರಲಾಗಿರಲಿಲ್ಲ. ಗ್ಯಾಸು ತೀರಿಹೋಗಿತ್ತು. ಬೆಳಗಿನಿಂದ ನೀವು ನೀರಿಲ್ಲದೆ ಮಲಗಿದ್ದಿರಿ. ಮಗ ಸಾಲೆಗೆ ಹೊರಡುವಾಗಲೂ ಹೇಳಿರಲಿಲ್ಲ, ಅವರು ತಿರುಗಿ ಬಂದ ಮೇಲೆಯೇ ತಿಳಿದದ್ದು. ನಾನು ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ನಿಮ್ಮ ಮಗ ತಂಬಿಗೆ ಹಿಡಿದು ನಿಮ್ಮ ತಲೆದೆಸೆಯಲ್ಲಿ ಕುಳಿತಿದ್ದರು. ಕಣ್ಣು ಕೆಂಪು, ಕೈಗೆ ಇದ್ದಲಿ ಮಸಿ, ಹೆಗಲ ಮೇಲೆ ನೀರು ಸೋಸಿದ ಎರಡು ಮಡಿಕೆ ಬಟ್ಟೆ. ನೀವು ತಂಬಿಗೆ ಮುಟ್ಟಿ ನೋಡಿ ಕೇಳಿದಿರಿ:

"ನೀರ ಯಾರ ಕಾಸಿದ್ರೋ? ಚಂದ್ರವ್ವ ಬಂದಿದ್ಲೇನ?"

ಅವರು ಕಂಬ ನೋಡುತ್ತ ಹೇಳಿದರು: "ಯಾರೂ ಇಲ್ಲವ್ವಾ. ಈಗರೆ ಒಂದ ಗಳಿಗಿ ಬಿಸಲ ಬಿದ್ದಿತ್ತು. ಬಾಂವಿ ಕಟ್ಟಿ ಮ್ಯಾಲ ಇಟ್ಟಿದ್ದೆ."

ಹಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ನೀವು ಮಗನ ಮುಖವನ್ನೇ ನೋಡಿದಿರಿ. ನಗುತ್ತೀರೋ ಅಳುತ್ತೀರೋ ನನಗೆ ತಿಳಿಯಲಿಲ್ಲ.

"ಅಂದ್ರ ನಿನಗ ಗೊತ್ತಿತ್ತೇನೋ?"

"ಮೊದಲನೇ ದಿನದಿಂದ ಗೊತ್ತಿತ್ತವ್ವಾ. ಗಂಗಾಳದ ಬುಡಕ್ಕ ಬೂದಿ ಇರತಿತ್ತು."

"ಮತ್ತ ಯಾಕ ಉಂಡಿ?"

"ನೀ ಬಿಸಿ ಮಾಡಿ ತಂದಿದ್ದಿ. ಸತ್ತ ಅನ್ನ ಅಂದಿದ್ದೆ ಒಮ್ಮೆ. ಅದನ್ನ ಹೆಂಗ ತಿರುಗಿ ನುಂಗಬೇಕೋ ನನಗ ತಿಳೀಲಿಲ್ಲ. ಹಿಂಗರೆ ಉಣ್ಣೂಣು ಅಂತ ಉಂಡೆ."

ನೀವು ನೀರು ಕುಡಿದಿರಿ. ತಂಬಿಗೆ ಖಾಲಿಯಾಗುವವರೆಗೂ ಬಿಡಲಿಲ್ಲ. ಆಮೇಲೆ ಮಸಿಯಾದ ಆ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಿರಿ. ನಾನು ಬಾಗಿಲಲ್ಲಿರುವುದು ಹೇಗೆ ತಿಳಿಯಿತೋ. ಕಣ್ಣು ತೆರೆಯದೆಯೇ ಹೇಳಿದಿರಿ: "ಚಂಪಾ, ಹೊತ್ತ ಮುಳುಗೂದ್ರಾಗ ಒಂಚೂರು ಗಂಜಿ ಮಾಡವ್ವಾ. ಮ್ಯಾಲ ತುಪ್ಪ ಹಾಕು. ಕೈ ಹಿಡೀಬ್ಯಾಡ."

ನಾನು ಕೈ ಹಿಡಿಯಲಿಲ್ಲ ಅತ್ತ್ಯಾರ. ಒಂದು ಚಮಚ, ಇನ್ನೊಂದು, ಮತ್ತೊಂದು. ತುಪ್ಪವೇ ಗಂಜಿಯಾಯಿತು. ನಿಮ್ಮ ಗಲ್ಲದ ಮೇಲೆ ಇಳಿದ ತುಪ್ಪವನ್ನು ನಿಮ್ಮ ಮಗ ತಮ್ಮ ಪಂಚೆಯ ತುದಿಯಿಂದ ಒರೆಸಿದರು.

ಆ ಮೇಲಿನ ಮಳೆಗಾಲದ ದಿನಗಳು ಎಷ್ಟು ಚಂದ. ಶೇಗಡಿಯನ್ನು ನಿಮ್ಮ ಹಾಸಿಗೆಯ ಬಾಜುಕ್ಕೇ ತಂದಿಟ್ಟೆವು. ಒರಗಿ ಕುಳಿತು, ಮಗನ ಕಣ್ಣೆದುರೇ, ಕೆಂಡದ ಮೇಲೆ ಗಂಗಾಳ ತಿರುಗಿಸಿ ತಿರುಗಿಸಿ ಕಾಸುತ್ತಿದ್ದಿರಿ. ಕೊಡುವಾಗ ಮಾತ್ರ "ಇವತ್ತ ಬಿಸಲ ಜೋರ ಐತಿ ನೋಡು" ಎನ್ನುತ್ತಿದ್ದಿರಿ. "ಹೌದವ್ವಾ, ಛತ್ರಿ ಹಿಡಕೊಂಡು ಬಂದೆ" ಎಂದು ಅವರು. ರೊಟ್ಟಿ ಅವರು ತಿನ್ನಲೇ ಇಲ್ಲ, ಇವತ್ತಿಗೂ ತಿಂದಿಲ್ಲ. ನೀವೂ ತಿನ್ನೆಂದು ಮತ್ತೆ ಹೇಳಲಿಲ್ಲ. ಮಾಘದಲ್ಲಿ, ಒಳ್ಳೆಯ ಬಿಸಿಲಿನ ಒಂದು ಬೆಳಿಗ್ಗೆ, ಣಮೋಕಾರ ಮಂತ್ರ ಕೇಳುತ್ತ ನೀವು ಹೋದಿರಿ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ. ನಾನು ಗಂಗಾಳ ಕಾಸಲಿಲ್ಲವೇಕೆಂದರೆ ಅದು ನಿಮ್ಮ ಕೆಲಸವಾಗಿತ್ತು. ದೇವರ ಕೋಣೆಯ ಗಂಟೆಯ ಹಾಗೆ, ಹಿರಿಯರು ಕೊಟ್ಟ ಹೊರತು ಕಿರಿಯರು ಕೈ ಹಾಕಬಾರದೆಂದು ಸುಮ್ಮನಿದ್ದೆ. ಅವರೂ ನಿನ್ನೆ ಎದ್ದು ಹೋಗಲಿಲ್ಲ. ತಣ್ಣಗಿನ ಗಂಗಾಳದಲ್ಲೇ ಉಂಡರು, ಆದರೆ ಅರ್ಧ ಬಿಟ್ಟರು. ನೀವು ಹೋದ ಮೇಲೆ ಅಟ್ಟ ಸೇರಿದ್ದ ಶೇಗಡಿಯನ್ನು ಇವತ್ತು ಬೆಳಿಗ್ಗೆ ನಾನು ಇಳಿಸಿದ್ದೇನೆ. ಬೂದಿ ಝಾಡಿಸಿ ಇದ್ದಲಿ ತುಂಬಿದ್ದೇನೆ. ಇದನ್ನು ನಿಮಗೆ ಓದಿ ಮುಗಿಸಿದ ಮೇಲೆ ಕಡ್ಡಿ ಗೀರುತ್ತೇನೆ. ಹೇಳಬೇಕಾದ ಸುಳ್ಳು ಬಾಯಿಪಾಠವಾಗಿದೆ. ನಿಮ್ಮಷ್ಟು ಚೆನ್ನಾಗಿ ಕಂಬ ನೋಡಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅಪ್ಪಣೆ ಕೊಡಿ.

ನೀವು ಈಗ ಯಾವ ಮನೆಯಲ್ಲಿ ಹುಟ್ಟಿ ಬಂದಿದ್ದೀರೋ, ಆ ಮನೆಯ ಒಲೆ ಬೆಚ್ಚಗಿರಲಿ. ನಿಮ್ಮ ಮೊದಲ ತುತ್ತಿನಿಂದಲೇ ತುಪ್ಪವಿರಲಿ, ಯಾರೂ ಕೈ ಹಿಡಿಯದಿರಲಿ. ಜಯ ಜಿನೇಂದ್ರ.

ಹನ್ನೊಂದು ಹೊಡೆಯಿತು. ಮಳೆ ನಿಂತಿಲ್ಲ. ಗಂಗಾಳ ಬಿಸಿಲಿಗಿಡುವ ಹೊತ್ತಾಯಿತು, ಏಳುತ್ತೇನೆ.

ರೊಟ್ಟಿ ಇನ್ನೂ ದುಂಡಗೆ ಬಡಿಯಲು ಬಾರದ,
ನಿಮ್ಮ ಖಾನಾಪುರದ ಸೊಸೆ,
ಚಂಪಾ